ಒಂದೇ ಸೀಟಿನಲ್ಲಿ ಪೈಲಟ್ಟೂ ಡಾಕ್ಟರೂ: ವಲೆರಿ ಆಂಡ್ರೆ ಪ್ರಕರಣ

1976ರಲ್ಲಿ ಫ್ರಾನ್ಸ್ ತನ್ನ ಸೇನೆಯ ಇತಿಹಾಸದಲ್ಲೇ ಮೊದಲ ಸಲ ಒಬ್ಬ ಮಹಿಳೆಗೆ ಜನರಲ್ ಹುದ್ದೆ ಕೊಟ್ಟಿತು. ಅವರ ಹೆಸರು ವಲೆರಿ ಆಂಡ್ರೆ. ಇಂಡೋಚೈನಾ (ಇಂದಿನ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ) ಯುದ್ಧದಲ್ಲಿ 129 ಸಲ, ಅಲ್ಜೀರಿಯಾದಲ್ಲಿ 365 ಸಲ ಕಾರ್ಯಾಚರಣೆಗೆ ಹೆಲಿಕಾಪ್ಟರ್ ಹಾರಿಸಿದವರು. 2025ರ ಜನವರಿಯಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ಹೆಚ್ಚಿನವು ಒಂದೇ ಧಾಟಿಯಲ್ಲಿದ್ದವು: ಹೆಲಿಕಾಪ್ಟರ್ ಹಾರಿಸಿದ ದಿಟ್ಟೆ ಜನರಲ್ ಆದಳು.

ಓದಲು ಚೆನ್ನಾಗಿದೆ. ಆದರೆ ಹುದ್ದೆಗಳ ಪಟ್ಟಿಯನ್ನು ಸಾಲಾಗಿ ಇಟ್ಟುಕೊಂಡು ನೋಡಿದರೆ ಕಥೆ ಬೇರೆಯೇ ಕಾಣುತ್ತದೆ. ಅವರಿಗೆ ಸಿಕ್ಕ ಹುದ್ದೆ ‘ವೈದ್ಯ ಜನರಲ್’. ಕ್ಯಾಪ್ಟನ್‌ನಿಂದ ಜನರಲ್‌ವರೆಗಿನ ಒಂದೊಂದು ಬಡ್ತಿಯೂ ವೈದ್ಯಕೀಯ ಸೇವೆಯ ಏಣಿಯ ಮೇಲೆ ಬಂದದ್ದು. ಹೆಸರು, ಪದಕ, ಪತ್ರಿಕೆಯ ಮುಖಪುಟ ತಂದುಕೊಟ್ಟದ್ದು ಹಾರಾಟ. ಹೆಗಲ ಮೇಲೆ ನಕ್ಷತ್ರ ಕೂರಿಸಿದ್ದು ವೈದ್ಯ ಪದವಿ. ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸುವ ಮಹಿಳೆಯ ವೃತ್ತಿಜೀವನ ಹೇಗೆ ಬೆಳೆಯುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸೇನೆ ಸೇರುವ ಮೊದಲು

ಹುಟ್ಟಿದ್ದು 1922ರ ಏಪ್ರಿಲ್ 21ರಂದು, ಜರ್ಮನಿಯ ಗಡಿಗೆ ಅಂಟಿಕೊಂಡಿರುವ ಸ್ಟ್ರಾಸ್‌ಬರ್ಗ್‌ನಲ್ಲಿ. ಮಕ್ಕಳು ತುಂಬಿದ ಮನೆ. ಚಿಕ್ಕವಳಿದ್ದಾಗ ಊರಿಗೆ ಬಂದ ಪ್ರಸಿದ್ಧ ವಿಮಾನ ಚಾಲಕಿ ಮರೀಸ್ ಹಿಲ್ಜ್‌ಗೆ ಹೂಗುಚ್ಛ ಕೊಟ್ಟವರು ಇವರೇ. ಆಗಲೇ ಎರಡು ಆಸೆ ಬೇರೂರಿದ್ದವು: ಡಾಕ್ಟರ್ ಆಗಬೇಕು, ವಿಮಾನ ಹಾರಿಸಬೇಕು. ಹಾರಾಟದ ಪಾಠಕ್ಕೆ ಬೇಕಾದ ದುಡ್ಡನ್ನು ಮಕ್ಕಳಿಗೆ ಪಾಠ ಹೇಳಿಕೊಟ್ಟು ಹೊಂದಿಸಿದರು. ಅಷ್ಟರಲ್ಲಿ 1939 ಬಂತು, ಯುದ್ಧ ಶುರುವಾಯಿತು, ಸ್ಟ್ರಾಸ್‌ಬರ್ಗ್ ಖಾಲಿಯಾಯಿತು.

ಅಲ್ಲಿನ ವಿಶ್ವವಿದ್ಯಾಲಯ ಗಂಟುಮೂಟೆ ಕಟ್ಟಿಕೊಂಡು ಕ್ಲೆರ್ಮಾಂ-ಫೆರಾಂಗೆ ಹೋಯಿತು. ಆಂಡ್ರೆ ಅಲ್ಲೇ ವೈದ್ಯಕೀಯ ಓದಿಗೆ ಸೇರಿದರು. 1943ರ ನವೆಂಬರ್ 25ರಂದು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಆ ವಿಶ್ವವಿದ್ಯಾಲಯದ ಮೇಲೆ ದಾಳಿ ಮಾಡಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಹಿಡಿದೊಯ್ದಿತು. ಇವರು ತಪ್ಪಿಸಿಕೊಂಡು ಪ್ಯಾರಿಸ್ ಸೇರಿ ಓದು ಮುಗಿಸಿದರು.

1948ರಲ್ಲಿ ಬರೆದ ಡಾಕ್ಟರೇಟ್ ಪ್ರಬಂಧದ ವಿಷಯ, ಪ್ಯಾರಾಶೂಟ್ ಹಾರುವವರಿಗೆ ಆಗುವ ದೈಹಿಕ ತೊಂದರೆಗಳು. ಪುಸ್ತಕ ಓದಿ ಬರೆದದ್ದಷ್ಟೇ ಅಲ್ಲ, ಸ್ವತಃ ಹಾರಿ ಪ್ಯಾರಾಶೂಟ್ ಅರ್ಹತೆ ಪಡೆದಿದ್ದರು. ಇಂಡೋಚೈನಾದಲ್ಲಿ ವೈದ್ಯರ ಕೊರತೆ ಬಿದ್ದು, ಸ್ವಯಂಪ್ರೇರಿತರಾಗಿ ಬರುವವರನ್ನು ಸೇನೆ ಹುಡುಕುತ್ತಿದ್ದ ಕಾಲ ಅದು. ಆಂಡ್ರೆ ಹೆಸರು ಕೊಟ್ಟರು. ಸೇನಾ ವೈದ್ಯಕೀಯ ಶಾಲೆಗಳಿಗೆ ಆಗ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಹೊರಗೆ ಓದಿ, ಹೊರಗಿನಿಂದಲೇ ಒಳಬರಬೇಕಿತ್ತು. ಹಾಗೆ ವೈದ್ಯ ಕ್ಯಾಪ್ಟನ್ ಆಗಿ ವಿಯೆಟ್ನಾಂಗೆ ಬಂದರು. ಮೊದಲು ಮಿ ತೋ, ಆಮೇಲೆ ಸೈಗಾನ್‌ನ ಆಸ್ಪತ್ರೆಯಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯ ವಿಭಾಗ.

ಅಲ್ಲಿ ಅವರಿಗೆ ಕಣ್ಣಿಗೆ ರಾಚಿದ್ದು ಚಿಕಿತ್ಸೆಯ ಕೊರತೆಗಿಂತ ತಡ. ಕಾಡಿನೊಳಗಿನ ಠಾಣ್ಯದಲ್ಲಿ ತಲೆಗೋ ಹೊಟ್ಟೆಗೋ ಗುಂಡು ಬಿದ್ದವನನ್ನು ಹೊತ್ತು ರಸ್ತೆಗೆ, ರಸ್ತೆಯಿಂದ ದೋಣಿಗೆ, ದೋಣಿಯಿಂದ ಆಸ್ಪತ್ರೆಗೆ ತರುವಷ್ಟರಲ್ಲಿ ಸರ್ಜನ್‌ಗೆ ಉಳಿಯುತ್ತಿದ್ದ ಕೆಲಸ ಅಷ್ಟಕ್ಕಷ್ಟೇ. ವೈದ್ಯರೇ ಗಾಯಾಳುವಿನ ಬಳಿಗೆ ಹೋಗಬೇಕು. ಪ್ಯಾರಾಶೂಟ್ ಕಟ್ಟಿಕೊಂಡು ಎರಡು ಸಲ ಹಾಗೆ ಹೋದದ್ದೂ ಉಂಟು. ಆದರೆ ಪ್ಯಾರಾಶೂಟ್ ಇಳಿಸುತ್ತದೆಯೇ ಹೊರತು ವಾಪಸ್ ಕರೆತರುವುದಿಲ್ಲ.

ಹಿಲ್ಲರ್ ಎಂಬ ಯಂತ್ರ, ತೂಕ ಎಂಬ ಲೆಕ್ಕ

1950ರಲ್ಲಿ ಸೈಗಾನ್‌ಗೆ ಎರಡು ಹಿಲ್ಲರ್ 360 ಹೆಲಿಕಾಪ್ಟರ್‌ಗಳು ಬಂದವು. ಆ ವರ್ಷ ಮೇ ತಿಂಗಳಲ್ಲಿ ಅಲೆಕ್ಸಿ ಸಾಂತಿನಿ ಎಂಬ ಪೈಲಟ್ ಇಂಡೋಚೈನಾದಲ್ಲಿ ಮೊದಲ ಬಾರಿಗೆ ಹೆಲಿಕಾಪ್ಟರ್‌ನಲ್ಲಿ ಗಾಯಾಳುಗಳನ್ನು ಸಾಗಿಸಿ ತೋರಿಸಿದರು. ಅದನ್ನು ಕಂಡ ಆಂಡ್ರೆಗೆ ತಾನು ಹುಡುಕುತ್ತಿದ್ದದ್ದು ಇದೇ ಎಂದು ಹೊಳೆಯಿತು. ಫ್ರಾನ್ಸಿಗೆ ಹೋಗಿ ಹೆಲಿಕಾಪ್ಟರ್ ಹಾರಾಟ ಕಲಿತು ಮರಳಿದರು.

ಸೇನೆ ಒಪ್ಪಿಕೊಂಡದ್ದಾದರೂ ಏಕೆ? ಉದಾರ ಮನಸ್ಸು ಎನ್ನುವವರಿದ್ದಾರೆ, ಇವರ ಹಟ ಎನ್ನುವವರಿದ್ದಾರೆ. ಹಟ ಇದ್ದದ್ದು ನಿಜ. ಆದರೆ ನನ್ನ ಪ್ರಕಾರ ಉತ್ತರ ಆ ಯಂತ್ರದ ತೂಕದ ಲೆಕ್ಕದಲ್ಲಿದೆ.

ಹಿಲ್ಲರ್ 360ರ ಪಿಸ್ಟನ್ ಎಂಜಿನ್‌ನ ಶಕ್ತಿ 180 ಅಶ್ವಶಕ್ತಿಗಿಂತ ಕಡಿಮೆ. ಇಂದಿನ ಒಂದು ದೊಡ್ಡ ಕಾರಿನಷ್ಟು. ಗಾಯಾಳುಗಳನ್ನು ಒಳಗೆ ಮಲಗಿಸಲು ಜಾಗವಿಲ್ಲ. ಹೊರಗೆ, ಎರಡೂ ಬದಿಗೆ ಒಂದೊಂದು ಸ್ಟ್ರೆಚರ್ ಕಟ್ಟಬೇಕು. ಅದೇ ಕಾಲದಲ್ಲಿ ಕೊರಿಯಾ ಯುದ್ಧದಲ್ಲಿ ಅಮೆರಿಕನ್ನರು ಮಾಡುತ್ತಿದ್ದದ್ದೂ ಇದನ್ನೇ. ಬಿಸಿ ಏರಿದಷ್ಟೂ ಗಾಳಿ ತೆಳುವಾಗುತ್ತದೆ, ಎಂಜಿನ್ ಸೊರಗುತ್ತದೆ, ರೆಕ್ಕೆಗಳ ಎತ್ತುವ ಶಕ್ತಿ ತಗ್ಗುತ್ತದೆ. ನೆಲದ ಹತ್ತಿರ ತೇಲುವಾಗ ಕಡಿಮೆ ಶಕ್ತಿ ಸಾಕು. ಮರಗಳ ನಡುವಿನ ಚಿಕ್ಕ ಬಯಲಿನಿಂದ ನೇರ ಮೇಲಕ್ಕೆ ಏಳಬೇಕಾದರೆ ಮಾತ್ರ ಇರುವ ಶಕ್ತಿಯೆಲ್ಲ ಬೇಕು. ಇಂಡೋಚೈನಾದಲ್ಲಿ ಇಳಿಯುತ್ತಿದ್ದ ಜಾಗಗಳು ಹೆಚ್ಚಾಗಿ ಅಂಥವೇ.

ಪೈಲಟ್, ಇಂಧನ, ಎರಡು ಸ್ಟ್ರೆಚರ್: ಅಲ್ಲಿಗೆ ತೂಕ ಮುಗಿಯಿತು. ವೈದ್ಯನನ್ನೋ ನರ್ಸನ್ನೋ ಕೂರಿಸಿಕೊಂಡರೆ ಒಬ್ಬ ಗಾಯಾಳುವನ್ನು ಬಿಟ್ಟುಬರಬೇಕು. ಸಣ್ಣ ಮೈಕಟ್ಟಿನ ಆಂಡ್ರೆ ಸೀಟಿನಲ್ಲಿ ಕೂತರೆ ಎರಡು ಲಾಭ. ಪೈಲಟ್ ಹಗುರ, ಪೈಲಟ್ಟೇ ಡಾಕ್ಟರ್. ಹೆಣ್ಣು ದೇಹದ ಬಗ್ಗೆ ಸೇನೆಗಳು ಶತಮಾನಗಟ್ಟಲೆ ‘ಕೊರತೆ’ ಎಂದು ಬರೆದುಕೊಂಡಿದ್ದದ್ದು ಆ ಸೀಟಿನಲ್ಲಿ ಲಾಭವಾಗಿ ಬದಲಾಯಿತು.

ಇನ್ನೊಂದು ಸಂಗತಿ, ಹಾರಾಟದ ಬಗ್ಗೆ ತಿಳಿಯದವರು ಗಮನಿಸದೆ ಹೋಗುವಂಥದ್ದು. ಆ ಕಾಲದ ಪಿಸ್ಟನ್ ಹೆಲಿಕಾಪ್ಟರ್‌ನಲ್ಲಿ ಪೈಲಟ್‌ನ ಎರಡು ಕೈಯೂ ಎರಡು ಕಾಲೂ ಸದಾ ಬಿಡುವಿಲ್ಲದೆ ಇರುತ್ತವೆ. ಹಿಲ್ಲರ್‌ನ ಮೊದಲ ಮಾದರಿಗಳಲ್ಲಿ ದಿಕ್ಕು ನಿಯಂತ್ರಿಸುವ ಕೋಲು ನೆಲದಿಂದ ಮೇಲೆ ಬರುತ್ತಿರಲಿಲ್ಲ. ತಲೆಯ ಮೇಲಿನ ರೋಟರ್‌ನಿಂದ ಕೆಳಗೆ ಇಳಿಬಿದ್ದಿರುತ್ತಿತ್ತು. ಬಲಗೈ ಅದರ ಮೇಲೆ. ಎಡಗೈಯಲ್ಲಿ ಎತ್ತರ ಏರಿಸಿ ಇಳಿಸುವ ಸನ್ನೆಕೋಲು (ಲಿವರ್), ಅದರ ತುದಿಯಲ್ಲೇ ತಿರುಚುವ ಥ್ರಾಟಲ್. ಸನ್ನೆಕೋಲು ಎತ್ತಿದಾಗಲೆಲ್ಲ ಎಂಜಿನ್ ವೇಗ ಬೀಳದಂತೆ ಥ್ರಾಟಲ್ ತಿರುಗಿಸಬೇಕು, ಮೂತಿ ಪಕ್ಕಕ್ಕೆ ತಿರುಗದಂತೆ ಪೆಡಲ್ ಒತ್ತಬೇಕು. ಇಷ್ಟೆಲ್ಲ ನಡೆಯುವಾಗ ಗಾಯಾಳು ಗಾಜಿನ ಆಚೆ, ಗಾಳಿಯಲ್ಲಿ ಇರುತ್ತಾನೆ. ಹೊರಟ ಮೇಲೆ ಅವನಿಗೆ ಏನಾದರೂ ಆದರೆ ಪೈಲಟ್ ಡಾಕ್ಟರೇ ಆಗಿದ್ದರೂ ಕೈ ನೀಡಲಾಗದು.

ಹಾಗಾದರೆ ವೈದ್ಯ ಪೈಲಟ್‌ನಿಂದ ಪ್ರಯೋಜನ ಏನು? ಎಲ್ಲವೂ ನೆಲದ ಮೇಲೆ, ರೋಟರ್ ನಿಲ್ಲುವ ಮತ್ತು ಮತ್ತೆ ತಿರುಗುವ ನಡುವಿನ ಹೊತ್ತಿನಲ್ಲಿದೆ. ಸಾಮಾನ್ಯ ಪೈಲಟ್ ಠಾಣ್ಯದ ಅಧಿಕಾರಿ ಬೆರಳು ತೋರಿದವನನ್ನು ಹೊತ್ತು ತರುತ್ತಾನೆ. ಜೋರಾಗಿ ಕಿರುಚುತ್ತಿರುವವನೋ, ಮೇಲಿನ ಹುದ್ದೆಯವನೋ ಮೊದಲು ಸ್ಟ್ರೆಚರ್ ಏರುವುದು ಸಹಜ. ವೈದ್ಯೆ ಬಂದರೆ ಗಾಯ ನೋಡಿ ಸರದಿ ನಿರ್ಧಾರವಾಗುತ್ತದೆ. ಯಾರು ಇನ್ನೊಂದು ಗಂಟೆ ಕಾಯಬಲ್ಲರು, ಯಾರು ಕಾಯಲಾರರು, ಯಾರನ್ನು ಇಲ್ಲೇ ಕುಯ್ದು ರಕ್ತ ನಿಲ್ಲಿಸದೆ ಮೇಲಕ್ಕೆ ಎತ್ತಲೇಬಾರದು. ಎರಡೇ ಸ್ಟ್ರೆಚರ್ ಇರುವಾಗ ಈ ತೀರ್ಮಾನಕ್ಕೆ ಎಂಜಿನ್‌ನಷ್ಟೇ ಬೆಲೆ.

ತು ವು, ಡಿಸೆಂಬರ್ 1951

ಇವೆಲ್ಲ ಒಟ್ಟಿಗೆ ಕಾಣುವ ಒಂದು ಹಾರಾಟವಿದೆ. 1951ರ ಕೊನೆಯಲ್ಲಿ ಹನೋಯ್‌ನ ಪಶ್ಚಿಮಕ್ಕೆ, ಹೋವಾ ಬಿನ್ ಸುತ್ತ ಫ್ರೆಂಚರಿಗೂ ವಿಯೆಟ್ನಾಂನ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ವಿಯೆಟ್ ಮಿನ್ ಪಡೆಗೂ ದೊಡ್ಡ ಕದನ ನಡೆಯುತ್ತಿತ್ತು. ಕಪ್ಪು ನದಿಯ ದಂಡೆಯಲ್ಲಿ ತು ವು ಎಂಬ ಠಾಣ್ಯ. ಅಲ್ಲಿ ಕಾವಲಿದ್ದವರು ಫ್ರೆಂಚ್ ಸೇನೆಯ ಮೊರಾಕ್ಕೊ ಸೈನಿಕರು. ಡಿಸೆಂಬರ್ 10ರ ರಾತ್ರಿ ವಿಯೆಟ್ ಮಿನ್ ಪಡೆ ಮುಗಿಬಿತ್ತು. ಬೆಳಗಾಗುವಷ್ಟರಲ್ಲಿ ಠಾಣ್ಯ ನುಚ್ಚುನೂರಾಗಿತ್ತು, ಗಾಯಾಳುಗಳು ಉಳಿದಿದ್ದರು.

ಬಳಸಬಹುದಾಗಿದ್ದ ಒಂದೇ ಒಂದು ಹೆಲಿಕಾಪ್ಟರ್ ಇದ್ದದ್ದು ಸಾವಿರ ಕಿಲೋಮೀಟರಿಗೂ ದೂರದ ಸೈಗಾನ್‌ನಲ್ಲಿ. ಅಷ್ಟು ದೂರ ಅದು ತಾನೇ ಹಾರಿ ಬರುವಂತಿರಲಿಲ್ಲ. ಹಾಗಾಗಿ ಬಿಚ್ಚಿ, ತುಂಡು ತುಂಡಾಗಿ ಬ್ರಿಸ್ಟಲ್ ಫ್ರೈಟರ್ ಸರಕು ವಿಮಾನದೊಳಗೆ ತುಂಬಿ, ಹನೋಯ್‌ಗೆ ತಂದು ಮತ್ತೆ ಜೋಡಿಸಿದರು. ಡಿಸೆಂಬರ್ 11ರಂದು ಕ್ಯಾಪ್ಟನ್ ಆಂಡ್ರೆ ಅದನ್ನು ಹಾರಿಸಿಕೊಂಡು ಹೊರಟರು. ದಟ್ಟ ಮಂಜು, ಕೆಳಗಿನಿಂದ ವಿಮಾನ ನಿರೋಧಕ ಗುಂಡು. ಇಳಿದು, ಗಾಯಾಳುಗಳನ್ನು ನೋಡಿ ವಿಂಗಡಿಸಿ, ತುರ್ತಾಗಿ ಕುಯ್ಯಲೇಬೇಕಾದವರಿಗೆ ಅಲ್ಲೇ ಶಸ್ತ್ರಚಿಕಿತ್ಸೆ ಮಾಡಿ, ಉಳಿದವರಲ್ಲಿ ತುರ್ತಿನವರನ್ನು ಇಬ್ಬಿಬ್ಬರಂತೆ ಹನೋಯ್‌ಗೆ ಸಾಗಿಸಿದರು.

ಧೈರ್ಯದ ಮಾತು ಎಲ್ಲರೂ ಆಡಿದ್ದಾರೆ. ನನಗೆ ಇಲ್ಲಿ ಹೆಚ್ಚು ಕಾಣುವುದು ಬಡತನ. ಲಕ್ಷಕ್ಕೂ ಮಿಕ್ಕಿ ಸೈನಿಕರಿದ್ದ ಒಂದು ಯುದ್ಧಕ್ಕೆ ಒಂದು ಹೆಲಿಕಾಪ್ಟರ್, ಅದನ್ನೂ ಗಾಡಿ ಸಾಮಾನಿನಂತೆ ಬಿಚ್ಚಿ ಸಾಗಿಸಬೇಕು. ಒಂದು ವ್ಯವಸ್ಥೆಯಲ್ಲಿ ಯಂತ್ರ, ಪೈಲಟ್, ಸರ್ಜನ್ ಎಲ್ಲಕ್ಕೂ ತತ್ವಾರವಿದ್ದಾಗ ಮೂರರಲ್ಲಿ ಎರಡನ್ನು ಒಬ್ಬರೇ ಒದಗಿಸಿದರೆ ಅವರ ಲಿಂಗ ಯಾವುದೆಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಇಂಡೋಚೈನಾದ ಒಟ್ಟು ಲೆಕ್ಕ ನೋಡಿ: 129 ಕಾರ್ಯಾಚರಣೆ, 165 ಗಾಯಾಳುಗಳು. ಭಾಗಿಸಿದರೆ ಒಂದು ಸಲಕ್ಕೆ ಸರಾಸರಿ ಒಂದೂ ಕಾಲು ಜನಕ್ಕಿಂತ ತುಸು ಹೆಚ್ಚು. ಎರಡು ಸ್ಟ್ರೆಚರ್ ಇದ್ದರೂ ಹಲವು ಸಲ ಒಬ್ಬರೇ ಬಂದಿದ್ದಾರೆ ಎಂದಾಯಿತು. ದೊಡ್ಡ ಸಂಖ್ಯೆ ಬೇಕೆನ್ನುವವರಿಗೆ 165 ಚಿಕ್ಕದಾಗಿ ಕಾಣಬಹುದು. ಆ ಎಂಜಿನ್ ಮೇಲೆ, ಆ ಸೆಖೆಯಲ್ಲಿ, ಕಾಡಿನ ನಡುವಿನ ಅಂಗೈಯಗಲ ಜಾಗದಿಂದ ಎದ್ದು ಬಂದ ಒಬ್ಬೊಬ್ಬರನ್ನೂ ಎಣಿಸಿದ ಸಂಖ್ಯೆ ಅದು.

ಇದಕ್ಕೊಂದು ಎದುರು ವಾದವೂ ಇದೆ, ತಳ್ಳಿಹಾಕುವಂಥದ್ದಲ್ಲ. ಮೆದುಳಿನ ಶಸ್ತ್ರಚಿಕಿತ್ಸೆ ಬಲ್ಲ ವೈದ್ಯರು ಪೈಲಟ್‌ಗಳಿಗಿಂತ ವಿರಳ. ಅಂಥವರನ್ನು ಗುಂಡು ಹಾರುವ ಕಡೆಗೆ ಹೆಲಿಕಾಪ್ಟರ್ ಕೊಟ್ಟು ಕಳಿಸುವುದು ಬುದ್ಧಿವಂತಿಕೆಯೇ? ಒಬ್ಬ ಸರ್ಜನ್ ಆಸ್ಪತ್ರೆಯಲ್ಲೇ ಇದ್ದರೆ ಎಷ್ಟು ಜನರನ್ನು ಉಳಿಸಬಹುದಿತ್ತು? ವೈದ್ಯ ಪೈಲಟ್ ಎಂಬ ಏರ್ಪಾಡು ಮಾದರಿಯಾಗಿ ಉಳಿಯಲಿಲ್ಲ ಎಂಬುದೇ ಇದಕ್ಕೆ ಉತ್ತರ. ಒಳಗೆ ಸ್ಟ್ರೆಚರ್ ಹಿಡಿಸುವ, ಜೊತೆಗೆ ವೈದ್ಯಕೀಯ ಸಿಬ್ಬಂದಿ ಕೂರಬಹುದಾದ ದೊಡ್ಡ ಹೆಲಿಕಾಪ್ಟರ್‌ಗಳು ಬಂದ ಕೂಡಲೇ ಹಾರಿಸುವುದು ಒಬ್ಬರ ಕೆಲಸ, ಚಿಕಿತ್ಸೆ ಇನ್ನೊಬ್ಬರ ಕೆಲಸವಾಯಿತು. ಆಂಡ್ರೆ ಆ ಸೀಟು ಪಡೆದದ್ದು ಯಂತ್ರ ಇನ್ನೂ ಸಣ್ಣದಿದ್ದ ಕೆಲವೇ ವರ್ಷಗಳ ಸಂದಿಯಲ್ಲಿ.

ಅಲ್ಜೀರಿಯಾ, ಮತ್ತು ಹೇಳದೆ ಬಿಡಬಾರದ ಮಾತು

1953ರಲ್ಲಿ ಫ್ರಾನ್ಸಿಗೆ ಮರಳಿ, ಬ್ರೆಟಿನ್ಯಿ ವಿಮಾನ ಪರೀಕ್ಷಾ ಕೇಂದ್ರದಲ್ಲಿ ವೈದ್ಯೆಯಾಗಿದ್ದರು. 1957ರಿಂದ ಅಲ್ಜೀರಿಯಾ. ಅಷ್ಟರಲ್ಲಿ ಹೆಲಿಕಾಪ್ಟರ್ ಲೋಕವೇ ಬದಲಾಗಿತ್ತು. ಟರ್ಬೈನ್ ಎಂಜಿನ್‌ನ ಅಲುಯೆಟ್ 2 ಬಂದಿತ್ತು, ದೊಡ್ಡ ಸಿಕೋರ್ಸ್ಕಿ ಎಚ್-34 ಬಂದಿತ್ತು. ಎರಡನ್ನೂ ಹಾರಿಸಿದರು. 365 ಕಾರ್ಯಾಚರಣೆ ಇಲ್ಲಿಯದು. ವೃತ್ತಿಯ ಒಟ್ಟು ಹಾರಾಟ ಸುಮಾರು 3,200 ಗಂಟೆ.

ಎರಡೂ ವಸಾಹತು ಯುದ್ಧಗಳು. ನಮ್ಮಂಥ ವಸಾಹತಾಗಿದ್ದ ದೇಶದವರು ಇದನ್ನು ಓದುವಾಗ ಕಣ್ಣು ಮುಚ್ಚಿಕೊಳ್ಳಲಾಗದು. ವಿಯೆಟ್ನಾಂನವರೂ ಅಲ್ಜೀರಿಯಾದವರೂ ಹೋರಾಡುತ್ತಿದ್ದದ್ದು ಸ್ವಾತಂತ್ರ್ಯಕ್ಕಾಗಿ. ಅಲ್ಜೀರಿಯಾದಲ್ಲಿ ಫ್ರೆಂಚ್ ಹೆಲಿಕಾಪ್ಟರ್‌ಗಳು ಗಾಯಾಳುಗಳನ್ನು ಹೊತ್ತವು, ಜೊತೆಗೆ ಹಳ್ಳಿ ಗುಡ್ಡಗಳ ಮೇಲೆ ಕಮಾಂಡೋಗಳನ್ನೂ ಇಳಿಸಿದವು. ಆಂಡ್ರೆ ಇಂಡೋಚೈನಾದಲ್ಲಿ ಎದುರು ಪಕ್ಷದ ಗಾಯಾಳುಗಳಿಗೂ ಚಿಕಿತ್ಸೆ ಕೊಟ್ಟಿದ್ದಾರೆ. ಆದರೂ ಅವರು ಹಾರಿದ್ದು ಯಾರ ಪಡೆಗಾಗಿ ಎಂಬುದು ಬದಲಾಗುವುದಿಲ್ಲ. ಹೆಣ್ಣೊಬ್ಬಳು ಬಾಗಿಲು ತೆರೆದ ಕಥೆ ಎಂದು ಸಂಭ್ರಮಿಸುವವರು ಆ ಬಾಗಿಲು ಯಾವ ಮನೆಯದು ಎಂದು ನೋಡುವುದಿಲ್ಲ. ನೋಡಿದ ಮೇಲೂ ತು ವುನಲ್ಲಿ ಬದುಕಿದ ಮೊರಾಕ್ಕೊ ಸಿಪಾಯಿಯ ಜೀವ ಜೀವವೇ. ಅವನೂ ತನ್ನದಲ್ಲದ ಯುದ್ಧಕ್ಕೆ ಬಂದವನು.

ಬಡ್ತಿಯ ಲೆಕ್ಕ

ಈಗ ಹುದ್ದೆಗಳಿಗೆ ಬರೋಣ. 1948ರಲ್ಲಿ ಕ್ಯಾಪ್ಟನ್, 1965ರಲ್ಲಿ ಲೆಫ್ಟಿನೆಂಟ್ ಕರ್ನಲ್, 1970ರಲ್ಲಿ ಕರ್ನಲ್, 1976ರಲ್ಲಿ ಜನರಲ್, 1981ರಲ್ಲಿ ಇನ್ನೂ ಒಂದು ಮೆಟ್ಟಿಲು ಮೇಲಿನ ವೈದ್ಯ ಇನ್‌ಸ್ಪೆಕ್ಟರ್ ಜನರಲ್. ಅಲ್ಜೀರಿಯಾ ಯುದ್ಧ ಮುಗಿದದ್ದು 1962ರಲ್ಲಿ. ಅಂದರೆ ಕೊನೆಯ ನಾಲ್ಕು ಬಡ್ತಿಗಳೂ ಯುದ್ಧದ ಹಾರಾಟ ನಿಂತ ಮೇಲೆ ಬಂದವು. ಆ ವರ್ಷಗಳಲ್ಲಿ ಅವರು ವಾಯುನೆಲೆಗಳ ಮುಖ್ಯ ವೈದ್ಯಾಧಿಕಾರಿ, ಆಮೇಲೆ ವೈದ್ಯಕೀಯ ಸೇವೆಯ ಹಿರಿಯ ಆಡಳಿತಗಾರ್ತಿ.

ಹಾರಾಟದ ಶಾಖೆಯಲ್ಲಿ ಮೇಲೇರಲು ಪಡೆಯ ನಾಯಕತ್ವ ಬೇಕು. ಇಷ್ಟು ವರ್ಷ ಸ್ಕ್ವಾಡ್ರನ್, ಇಷ್ಟು ವರ್ಷ ನೆಲೆ, ಆಮೇಲೆ ಕೇಂದ್ರ ಕಚೇರಿ. ಆ ಮೆಟ್ಟಿಲುಗಳು ಫ್ರಾನ್ಸಿನಲ್ಲಿ ಆಗ ಹೆಣ್ಣಿಗೆ ಇರಲೇ ಇಲ್ಲ. ಅಲ್ಲಿ ಮಹಿಳೆಯೊಬ್ಬಳು ಫೈಟರ್ ಪೈಲಟ್ ಆಗಿ ಅರ್ಹತೆ ಪಡೆದದ್ದು 1999ರಲ್ಲಿ, ಕ್ಯಾರೊಲಿನ್ ಎಗ್ಲ್. ವೈದ್ಯಕೀಯ ಸೇವೆಯಲ್ಲಾದರೆ ಪದವಿ, ಅನುಭವ, ವಿಭಾಗದ ಮುಖ್ಯಸ್ಥಿಕೆ ಎಣಿಕೆಗೆ ಬರುತ್ತಿದ್ದವು. 1972ರ ಜುಲೈಯಲ್ಲಿ ಬಂದ ಸೇನಾ ಸಿಬ್ಬಂದಿ ಕಾನೂನು ಗಂಡು ಹೆಣ್ಣು ಎಂಬ ಪ್ರತ್ಯೇಕ ಪಟ್ಟಿಗಳನ್ನು ಕರಗಿಸಲು ದಾರಿ ಮಾಡಿತು. ನಾಲ್ಕು ವರ್ಷಕ್ಕೆ ಆಂಡ್ರೆ ಜನರಲ್.

ಒಂದು ಹೋಲಿಕೆ ಸುಮ್ಮನೆ ಇಡುತ್ತೇನೆ. ಇಂಡೋಚೈನಾದಲ್ಲಿ ಹೆಲಿಕಾಪ್ಟರ್ ಸಾಗಾಟ ಶುರುಮಾಡಿದ ಆ ಅಲೆಕ್ಸಿ ಸಾಂತಿನಿಯನ್ನೇ ಆಂಡ್ರೆ 1963ರಲ್ಲಿ ಮದುವೆಯಾದರು. ಸಾಂತಿನಿ ಹಾರಾಟದ ಶಾಖೆಯ ಮನುಷ್ಯ. ಕರ್ನಲ್ ಆಗಿ ಉಳಿದರು. ಹೆಂಡತಿ ಜನರಲ್. ಗಂಡಸರ ಮನೆಯಲ್ಲೂ ಹಾರಾಟದ ಏಣಿ ಎಲ್ಲರನ್ನೂ ತುದಿಗೆ ಒಯ್ಯುವುದಿಲ್ಲ ಎಂಬುದನ್ನು ಮರೆತು ವಾದ ಮಾಡಬಾರದು.

ಹಾಗೆಂದು ಹಾರಾಟ ಲೆಕ್ಕಕ್ಕೇ ಬರಲಿಲ್ಲ ಎಂದರೆ ತಪ್ಪಾದೀತು. ಬರೀ ಆಸ್ಪತ್ರೆಯಲ್ಲಿ ಕೂತಿದ್ದರೆ ಆ ಹೆಸರು ಮಂತ್ರಿಗಳ ಮೇಜಿನವರೆಗೆ ಹೋಗುತ್ತಿತ್ತೇ? ಯುದ್ಧ ಪದಕಗಳು, ಲೀಜನ್ ಆಫ್ ಆನರ್, ಪತ್ರಿಕೆಗಳಲ್ಲಿ ಹಿಲ್ಲರ್ ಪಕ್ಕ ನಿಂತ ಚಿತ್ರ, ಇವು ಬಡ್ತಿ ಸಮಿತಿಗೆ ಇಲ್ಲವೆನ್ನಲಾಗದ ಒತ್ತಡ. ಹಾರಾಟ ಅವರನ್ನು ಎದ್ದು ಕಾಣುವಂತೆ ಮಾಡಿತು, ವೈದ್ಯ ಪದವಿ ಎತ್ತಿ ಕೂರಿಸಲು ಕುರ್ಚಿ ಒದಗಿಸಿತು. ಎರಡರಲ್ಲಿ ಒಂದಿಲ್ಲದಿದ್ದರೆ ಈ ಪ್ರಕರಣ ಇರುತ್ತಿರಲಿಲ್ಲ. ತನಗೆ ಸಿಕ್ಕ ದಾರಿ ಎಲ್ಲರಿಗೂ ಸಿಗುವಂಥದ್ದಲ್ಲ ಎಂದು ಅವರಿಗೂ ಗೊತ್ತಿದ್ದಿರಬೇಕು. ರಕ್ಷಣಾ ಮಂತ್ರಿ ಶಾರ್ಲ್ ಎರ್ನೂ ಕಾಲದಲ್ಲಿ ಸೇನೆಯಲ್ಲಿ ಮಹಿಳೆಯರ ಭವಿಷ್ಯ ಕುರಿತ ಆಯೋಗದ ಅಧ್ಯಕ್ಷರಾಗಿ ಅವರು ಕೆಲಸ ಮಾಡಿದ್ದು ಮುಚ್ಚಿದ ಶಾಖೆಗಳನ್ನು ತೆರೆಸುವ ವಿಷಯದ ಮೇಲೆಯೇ.

ಇದೇ ಲೆಕ್ಕ ಇಲ್ಲಿ

ಇದನ್ನೆಲ್ಲ ಓದುವಾಗ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಭಾರತದ ವಾಯುಪಡೆ. ಆಂಡ್ರೆ ಅಲ್ಜೀರಿಯಾದಲ್ಲಿ ಹಾರಿಸಿದ ಅಲುಯೆಟ್ 2ರ ಒಡಲಿಗೆ ಅಲುಯೆಟ್ 3ರ ಎಂಜಿನ್ ಕೂಡಿಸಿದ ಯಂತ್ರವೇ ‘ಲಾಮಾ’. ಹಿಮಾಲಯದ ಎತ್ತರಕ್ಕೆ ಏರಬಲ್ಲ ಹೆಲಿಕಾಪ್ಟರ್ ಬೇಕೆಂದು 1968ರಲ್ಲಿ ಭಾರತ ಕೇಳಿದ್ದರಿಂದ ಫ್ರೆಂಚರು ಅದನ್ನು ರೂಪಿಸಿದರು. ಬೆಂಗಳೂರಿನ ಎಚ್‌ಎಎಲ್ ಅದನ್ನು ‘ಚೀತಾ’ ಎಂಬ ಹೆಸರಿನಲ್ಲಿ ತಯಾರಿಸಿತು. 1999ರ ಕಾರ್ಗಿಲ್ ಯುದ್ಧದಲ್ಲಿ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಹಾರಿಸಿದ್ದು ಈ ಚೀತಾಗಳನ್ನೇ. ರಕ್ಷಾಕವಚವಿಲ್ಲದ ಹೆಲಿಕಾಪ್ಟರ್‌ನಲ್ಲಿ ಗಾಯಾಳು ಸಾಗಾಟ, ಸಾಮಗ್ರಿ ಒಯ್ಯುವುದು, ಶತ್ರು ನೆಲೆಗಳ ಮೇಲೆ ಕಣ್ಣಿಡುವುದು. ಕೆಲಸವೂ ಆಂಡ್ರೆಯದರ ಅಕ್ಕತಂಗಿಯಂತಿದೆ.

ವಾಯುಪಡೆ ವೈದ್ಯಕೀಯದ ಹೊರಗಿನ ಶಾಖೆಗಳಿಗೆ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಳ್ಳಲು ಶುರುಮಾಡಿದ್ದು 1990ರ ದಶಕದ ಆರಂಭದಲ್ಲಿ; ಸಾರಿಗೆ ವಿಮಾನ, ಹೆಲಿಕಾಪ್ಟರ್ ಪೈಲಟ್‌ಗಳಾಗಿ ಮೊದಲ ತಂಡ ಹೊರಬಿದ್ದದ್ದು 1994ರಲ್ಲಿ. ಆದರೆ ಎಲ್ಲರಿಗೂ ಶಾರ್ಟ್ ಸರ್ವಿಸ್ ಕಮಿಷನ್. ಕೆಲವು ವರ್ಷ ಕೆಲಸ, ಮತ್ತೆ ಮನೆಗೆ. ಹಾರಾಟದ ಶಾಖೆಯಲ್ಲಿ ನಾಯಕತ್ವಕ್ಕೆ ಬರುವ ವಯಸ್ಸಿಗೆ ಸರಿಯಾಗಿ ಹೊರಗೆ ಹೋಗಬೇಕಾದ ಏರ್ಪಾಡು ಅದು. ಸಕ್ಸೇನಾ ಶಾರ್ಟ್ ಸರ್ವಿಸ್ ಮುಗಿಸಿ 2004ರಲ್ಲಿ ಹೊರಬಂದರು, ಫ್ಲೈಟ್ ಲೆಫ್ಟಿನೆಂಟ್ ಆಗಿ.

ಅದೇ 2004ರಲ್ಲಿ ಭಾರತಕ್ಕೆ ಮೊದಲ ಮಹಿಳಾ ಏರ್ ಮಾರ್ಷಲ್ ಸಿಕ್ಕರು: ಪದ್ಮಾ ಬಂದೋಪಾಧ್ಯಾಯ. ವೈದ್ಯೆ, ವೈಮಾನಿಕ ವೈದ್ಯಶಾಸ್ತ್ರದ ತಜ್ಞೆ. ಅದೇ ವರ್ಷ ಭೂಸೇನೆಯ ಮೊದಲ ಮಹಿಳಾ ಲೆಫ್ಟಿನೆಂಟ್ ಜನರಲ್ ಆದ ಪುನೀತಾ ಅರೋರಾ ಕೂಡ ವೈದ್ಯೆ. ಯುದ್ಧಭೂಮಿಯ ಮೇಲೆ ಹಾರಿದ ಪೈಲಟ್ ಮನೆಗೆ, ವೈದ್ಯಕೀಯ ಸೇವೆಯವರು ಮೇಲಿನ ಹುದ್ದೆಗೆ. ಬಂದೋಪಾಧ್ಯಾಯ, ಅರೋರಾ ಅವರ ಅರ್ಹತೆಯನ್ನು ಕಡಿಮೆ ಮಾಡುವ ಮಾತಲ್ಲ ಇದು. ಎರಡು ಏಣಿಗಳಲ್ಲಿ ಒಂದಕ್ಕೆ ಮೆಟ್ಟಿಲುಗಳಿದ್ದವು, ಇನ್ನೊಂದು ನಡುವೆಯೇ ನಿಂತುಬಿಟ್ಟಿತ್ತು. ಆಂಡ್ರೆ ಎರಡರ ಮೇಲೂ ಒಂದೊಂದು ಕಾಲಿಟ್ಟಿದ್ದರು.

ಆ ಮೆಟ್ಟಿಲುಗಳನ್ನು ಹಾಕಿಸಿದ್ದು ಬಹುಮಟ್ಟಿಗೆ ಕೋರ್ಟು. 2010ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಮಹಿಳಾ ಅಧಿಕಾರಿಗಳಿಗೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಸೇವೆ, ಕೊಡಬೇಕೆಂದು ತೀರ್ಪು ಕೊಟ್ಟಿತು. ಭೂಸೇನೆಯ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 2020ರ ಫೆಬ್ರವರಿ 17ರಂದು ಇತ್ಯರ್ಥವಾಯಿತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಾಯುಪಡೆಯಿಂದ ಹೊರಬಂದಿದ್ದ 32 ಮಹಿಳಾ ಶಾರ್ಟ್ ಸರ್ವಿಸ್ ಅಧಿಕಾರಿಗಳನ್ನು ಪಿಂಚಣಿಗೆ ಪರಿಗಣಿಸಲು ಹೇಳಿತು. ಕೆಲಸಕ್ಕೆ ಮರಳಿ ತೆಗೆದುಕೊಳ್ಳಲು ಹೇಳಲಿಲ್ಲ. ಹೋದ ವರ್ಷಗಳು ಹೋದವು.

ಮೆಟ್ಟಿಲು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಶಾಲಿಜಾ ಧಾಮಿ ಅವರ ವೃತ್ತಿ ನೋಡಬಹುದು. 2003ರಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಿ ಕಮಿಷನ್, ಚೇತಕ್ ಮತ್ತು ಚೀತಾ ಹಾರಾಟ, ತರಬೇತಿ ಕೊಡುವ ಅರ್ಹತೆ. 2019ರಲ್ಲಿ ಹಿಂಡನ್ ನೆಲೆಯ ಹೆಲಿಕಾಪ್ಟರ್ ಘಟಕದಲ್ಲಿ ಫ್ಲೈಟ್ ಕಮಾಂಡರ್. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. 2023ರಲ್ಲಿ ಗ್ರೂಪ್ ಕ್ಯಾಪ್ಟನ್ ಆಗಿ ಪಶ್ಚಿಮ ಗಡಿಯ ಕ್ಷಿಪಣಿ ಘಟಕವೊಂದರ ನಾಯಕತ್ವ. ವೈದ್ಯ ಪದವಿಯ ಊರುಗೋಲಿಲ್ಲದೆ, ಪೈಲಟ್ ಆಗಿ ಬಂದು ಅಲ್ಲಿಗೆ ತಲುಪಲು ಇಪ್ಪತ್ತು ವರ್ಷ ಹಿಡಿಯಿತು, ಮತ್ತು ಆ ಇಪ್ಪತ್ತು ವರ್ಷ ಸೇವೆಯಲ್ಲಿ ಉಳಿಯಲು ಬಿಟ್ಟರು ಎಂಬುದೇ ಮುಖ್ಯ. ಭೂಸೇನೆಯ ಏವಿಯೇಷನ್ ಕೋರ್‌ನಲ್ಲಿ ಮೊದಲ ಮಹಿಳಾ ಪೈಲಟ್ ಅಭಿಲಾಷಾ ಬರಾಕ್ ನಾಸಿಕ್‌ನಲ್ಲಿ ತರಬೇತಿ ಮುಗಿಸಿದ್ದು 2022ರ ಮೇ ತಿಂಗಳಲ್ಲಿ. ನೌಕಾಪಡೆಯಲ್ಲಿ ಮೊದಲ ಮಹಿಳಾ ಹೆಲಿಕಾಪ್ಟರ್ ಪೈಲಟ್ ಅರಕ್ಕೋಣಂನಿಂದ ಹೊರಬಂದದ್ದು 2024ರಲ್ಲಿ.

2021ರ ಸುಪ್ರೀಂ ಕೋರ್ಟ್ ಆದೇಶದ ನಂತರ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದು, 17 ಜನರ ಮೊದಲ ತಂಡ 2025ರ ಮೇನಲ್ಲಿ ಅಲ್ಲಿಂದ ಹೊರಬಂತು. ಆ ದಾರಿಯಲ್ಲಿ ಬಂದವರಿಗೆ ಮೊದಲ ದಿನದಿಂದಲೇ ಪರ್ಮನೆಂಟ್ ಕಮಿಷನ್. ಅವರಲ್ಲಿ ಯಾರಾದರೂ ಹೆಲಿಕಾಪ್ಟರ್ ಹಿಡಿದು, ಆಂಡ್ರೆಗೆ ಕ್ಯಾಪ್ಟನ್‌ನಿಂದ ಜನರಲ್ ಆಗಲು ಹಿಡಿದಷ್ಟೇ ಕಾಲ, ಅಂದರೆ 28 ವರ್ಷ, ತೆಗೆದುಕೊಂಡರೆ ಹಾರಾಟದ ಶಾಖೆಯಿಂದಲೇ ಮೇಲೇರಿದವರು ಯಾರೆಂದು ನೋಡಲು ಕನಿಷ್ಠ 2053ರವರೆಗೆ ಕಾಯಬೇಕು.